ಅತ್ತೆಯ ಕಾರಿನ ಹಸಿರು ಎಲೆ

ನಮ್ಮತ್ತೆಗೆ ರಕ್ತ ಕಂಡರೆ ಭಯವಿಲ್ಲ. ಅವಳ ಕೆಲಸವೇ ಅದು. ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ಸೂಜಿ ಚುಚ್ಚಿ ರಕ್ತ ತರುವುದು. ಎಂಥ ಮೊಂಡು ನರವಾದರೂ ಅವಳ ಬೆರಳಿಗೆ ಸಿಕ್ಕಿಬೀಳುತ್ತದೆ. ಆದರೆ ಸ್ಟೀರಿಂಗ್ ಹಿಡಿದರೆ ಅದೇ ಬೆರಳುಗಳು ಬೆವರುತ್ತವೆ. ಗಾಡಿ ಓಡಿಸಲು ಬಾರದವರಿಗೆ ಇನ್ನು ಕೆಲಸವಿಲ್ಲ ಎಂದು ಲ್ಯಾಬಿನವರು ಹೇಳಿದ್ದಕ್ಕೆ, ಐವತ್ತು ದಾಟಿದ ಮೇಲೆ ಹಲ್ಲು ಕಚ್ಚಿಕೊಂಡು ಕಲಿತವಳು. ಒಂದಲ್ಲ ಒಂದು ದಿನ ತನ್ನ ಕಾಲಿನಿಂದ ಯಾರದ್ದಾದರೂ ಜೀವ ಹೋಗುತ್ತದೆ ಎಂಬ ಹೆದರಿಕೆ ಅವಳ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು.

“ರಸ್ತೇಲಿ ಹೋಗೋರೆಲ್ಲ ನನ್ನ ಪಾದದ ಕೆಳಗೇ ನಡೀತಿದಾರೆ ಅನ್ಸುತ್ತೆ ಕಣೆ ಪುಟ್ಟಿ,” ಎಂದು ಒಮ್ಮೆ ನನ್ನ ಹತ್ತಿರ ಬಾಯಿಬಿಟ್ಟಿದ್ದಳು. ನಾನು ಅವಳ ಅಣ್ಣನ ಮಗಳು. ಕೆಲಸ ಹುಡುಕುತ್ತಾ ಅವರ ಮನೆಯಲ್ಲಿದ್ದೆ. ರಕ್ತ ಕೆಡದಂತೆ ಐಸ್ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಪಕ್ಕ ಕೂರುವುದು ನನ್ನ ಪಾಲಿನ ಸೇವೆ.

ಕಾರು ಹಳೆಯದು, ಕ್ಲಚ್ ಇಲ್ಲದ್ದು. ಗೇರಿನ ಪಕ್ಕ ಒಂದು ಗುಂಡಿ. ಒತ್ತಿದರೆ ಮೀಟರಿನ ಮೂಲೆಯಲ್ಲಿ ಹಸಿರು ಎಲೆಯೊಂದು ಹೊತ್ತಿಕೊಳ್ಳುತ್ತದೆ. ಅದೇ ಪೆಟ್ರೋಲ್ ಉಳಿಸುವ ಇಕೋ ಮೋಡ್. ಅತ್ತೆ ಆ ಎಲೆಯನ್ನು ಆರಿಸಿದ್ದನ್ನು ನಾನು ನೋಡಿಯೇ ಇಲ್ಲ. ಏಸಿಯಿಂದ ಗಾಳಿ ಬರುತ್ತಿದೆಯೋ ಇಲ್ಲವೋ ಎಂದು ಕೈ ಹಿಡಿದು ನೋಡಬೇಕಿತ್ತು. ಏರು ಬಂತೆಂದರೆ ಹಿಂದಿನವರು ಹಾರನ್ ಒತ್ತಿ ಒತ್ತಿ ಸುಸ್ತಾಗುತ್ತಿದ್ದರು. “ಹೊಡ್ಕೊಳ್ಲಿ ಬಿಡು, ಪೆಟ್ರೋಲ್ ಉಳಿಯುತ್ತೆ,” ಎನ್ನುತ್ತಿದ್ದಳು.

ಆ ಮಾತು ಕೇಳಿದರೆ ಮಾವನಿಗೆ ಮೈ ಉರಿಯುತ್ತಿತ್ತು. ಅವರು ನಿವೃತ್ತ ವಿಜ್ಞಾನದ ಮೇಷ್ಟ್ರು. ಉಪ್ಪು ನೀರಲ್ಲಿ ಕರಗುತ್ತದೆ ಎಂದರೂ ಕರಗಿಸಿ ತೋರಿಸು ಎನ್ನುವ ಪೈಕಿ. ಕೊನೆಗೆ ಮೆಕ್ಯಾನಿಕ್‌ನನ್ನೇ ಮನೆಗೆ ಕರೆತಂದರು.

“ಅಮ್ಮನೋರು ಓಡ್ಸೋ ಸ್ಪೀಡಿಗೆ ಎಲೆ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ ಸಾರ್,” ಎಂದ ಅವನು. “ಬಿರುಸಾಗಿ ಒತ್ತೋರಿಗೆ ಒಂಚೂರು ಉಳೀಬಹುದು. ಎಲೆ ಹತ್ತಿದ್ರೆ ಕಾಲು ಎಷ್ಟೇ ಒತ್ತಿದ್ರೂ ಗಾಡಿ ನಿಧಾನಕ್ಕೆ ಏಳುತ್ತೆ, ಅದೇ ಅದರ ಕೆಲಸ.”

ಮಾವ ಮೊದಲ ಮಾತು ಕೇಳಿ ಗೆದ್ದವರಂತೆ ಎದೆಯುಬ್ಬಿಸಿದರು. ಮಿಕ್ಕಿದ್ದು ಅವರ ಕಿವಿಗೆ ಬೀಳಲಿಲ್ಲ. ಅತ್ತೆ ಬಟ್ಟೆ ಮಡಿಸುತ್ತಲೇ ಇದ್ದಳು.

ಮನೆಯ ಗೇಟಿನ ಹತ್ತಿರ ಒಂದು ದಿಣ್ಣೆ, ಆಚೆ ಇಕ್ಕಟ್ಟಾದ ಓಣಿ, ಓಣಿಯ ಆಚೆ ಎದುರು ಮನೆಯವರ ಗೋಡೆ. ದಿನಾ ಬೆಳಿಗ್ಗೆ ಮಾವ ಗೇಟು ತೆರೆದು, ಎರಡೂ ಕಡೆ ನೋಡಿ, ಆ ಗೋಡೆಗೆ ಬೆನ್ನು ಕೊಟ್ಟು ನಿಂತು “ಬಾ, ಬಾ” ಎಂದು ಕೈ ಬೀಸುತ್ತಿದ್ದರು. ಅತ್ತೆ ಪೆಡಲನ್ನು ಹೆಚ್ಚುಕಡಿಮೆ ಪೂರ್ತಿ ಅದುಮುತ್ತಿದ್ದಳು. ಕಾರು ಆಕಳಿಸುತ್ತಾ ದಿಣ್ಣೆ ಹತ್ತುತ್ತಿತ್ತು. ಅವಳ ಕಾಲು ಕಲಿತದ್ದು ಅದೊಂದೇ ಅಳತೆ.

ಆ ದಿನ ಮಾವ ಎಂಜಿನ್ ಬೆಚ್ಚಗೆ ಮಾಡುತ್ತೇನೆಂದು ಮುಂಚೆಯೇ ಹೋಗಿ, ಯಾರಿಗೂ ಹೇಳದೆ ಗುಂಡಿ ಒತ್ತಿ ಎಲೆ ಆರಿಸಿ ಬಂದಿದ್ದರು. ಟ್ಯಾಂಕ್ ಖಾಲಿಯಾಗುವವರೆಗೆ ಎಲೆಯಿಲ್ಲದೆ ಓಡಲು ಬಿಟ್ಟು, ಆಮೇಲೆ ಹೆಂಡತಿಯ ಮುಂದೆ ಲೆಕ್ಕ ಇಡುವ ಪ್ರಯೋಗ. ಅತ್ತೆ ಬಂದು ಕೂತಳು. ದಿನಾ ಇರುವ ಎಲೆಯನ್ನು ಯಾರು ನೋಡುತ್ತಾರೆ? ಮಾವ ಗೋಡೆಗೆ ಬೆನ್ನು ಕೊಟ್ಟು ನಿಂತರು. ಕೈ ಬೀಸಿದರು.

ಮೀಟರಿನ ಮೂಲೆ ಕಪ್ಪಗಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಕಾಲು ಇಳಿದಿತ್ತು.

ಕಾರು ದಿಣ್ಣೆಯನ್ನು ಹತ್ತಲಿಲ್ಲ, ಹಾರಿತು. ಮಾವನ ಕೈ ಇನ್ನೂ “ಬಾ” ಎನ್ನುತ್ತಲೇ ಇತ್ತು. ಅತ್ತೆ ಎರಡೂ ಕಾಲುಗಳನ್ನು ಬ್ರೇಕಿನ ಮೇಲೆ ಹಾಕಿದಳು. ಡಬ್ಬಿ ನನ್ನ ಎದೆಗೆ ಗುದ್ದಿತು. ಕಾರು ನಿಂತಾಗ ಮುಂದೆ ಗೋಡೆ ಮಾತ್ರ ಕಾಣುತ್ತಿತ್ತು, ಮಾವ ಕಾಣುತ್ತಿರಲಿಲ್ಲ.

“ನೋಡೆ,” ಎಂದಳು ಅತ್ತೆ. ಅವಳ ಕೈ ಸ್ಟೀರಿಂಗಿಗೆ ಅಂಟಿಕೊಂಡಿತ್ತು. “ನಂಗಾಗಲ್ಲ. ನೀನೇ ನೋಡೆ.”

ನಾನು ಬಾಗಿಲು ಹಿಡಿದುಕೊಂಡೇ ಇಳಿದು ಮುಂದೆ ಹೋದೆ. ಮಾವ ಗೋಡೆಗೆ ಒರಗಿದಂತೆಯೇ ಜಾರಿ ನೆಲಕ್ಕೆ ಕುಸಿದಿದ್ದರು. ಬಂಪರ್ ಅವರ ಮಂಡಿಗೆ ತಾಗಿತ್ತು, ಅಷ್ಟೇ. ಕಾಲಿಂದ ಕಳಚಿ ಮುಂದಕ್ಕೆ ಜಾರಿದ ಒಂದು ಚಪ್ಪಲಿ ಚಕ್ರದ ಅಡಿಗೆ ಸಿಕ್ಕಿತ್ತು. ಕಣ್ಣು ಬಿಟ್ಟುಕೊಂಡಿದ್ದರು.

“ಇದಾರೆ ಅತ್ತೆ,” ಎಂದೆ. ಅಳು ಬಂತು.

ಅತ್ತೆ ಹ್ಯಾಂಡ್‌ಬ್ರೇಕ್ ಎಳೆದು ಇಳಿದು ಬಂದಳು. ಧೂಳಿನಲ್ಲೇ ಕೂತು, ಅಭ್ಯಾಸಬಲದಿಂದ ಅವರ ಮಣಿಕಟ್ಟು ಹಿಡಿದು ನಾಡಿ ನೋಡಿದಳು.

“ಎಲೆ ನಾನೇ ಆರಿಸಿದ್ದೆ ಕಣೆ,” ಎಂದರು ಮಾವ. “ಪೆಟ್ರೋಲ್ ಉಳಿಯಲ್ಲ ಅಂತ ನಿಂಗೆ ತೋರ್ಸೋಣ ಅಂತ.”

“ಉಳಿಯಲ್ಲ ಅಂತ ನಂಗೂ ಗೊತ್ತಿತ್ತು ರೀ,” ಎಂದಳು ಅತ್ತೆ. “ಅದು ಹತ್ತಿದ್ರೆ ಗಾಡಿ ನನ್ನ ಮಾತು ಕೇಳುತ್ತೆ. ದಿನಾ ಎದುರಿಗೆ ನಿಲ್ಲೋರು ನೀವಲ್ವಾ.”

ಮಾವ ಚಪ್ಪಲಿ ಎಳೆಯಲು ಹೋದರು. ಬರಲಿಲ್ಲ. ಕಾರನ್ನು ಹಿಂದೆ ತೆಗೆಯಬೇಕಿತ್ತು. ನನಗೆ ಓಡಿಸಲು ಬಾರದು. ಅತ್ತೆಯೇ ಮತ್ತೆ ಹೋಗಿ ಕೂತಳು. ಗುಂಡಿ ಒತ್ತಿದಳು. ಎಲೆ ಹೊತ್ತಿಕೊಂಡಿತು. ಆದರೂ ಅವಳ ಕಾಲು ಬ್ರೇಕಿನಿಂದ ಏಳಲಿಲ್ಲ.

“ಆಚೆ ಹೋಗ್ರೀ,” ಎಂದಳು ಕಿಟಕಿಯಿಂದ. ಮಾವ ಪಕ್ಕಕ್ಕೆ ಸರಿದರು. “ಇನ್ನೂ ಆಚೆ.” ಬರಿಗಾಲೊಂದನ್ನು ಎತ್ತಿಡುತ್ತಾ ನಡೆದರು. “ಇನ್ನೂ ರೀ.”

ಅವರು ಓಣಿಯ ಕೊನೆ ಮುಟ್ಟಿ ತಿರುವಿನಲ್ಲಿ ಮರೆಯಾದ ಮೇಲೆಯೇ ಅವಳು ಬ್ರೇಕಿನಿಂದ ಕಾಲೆತ್ತಿದ್ದು.