ಕ್ಯಾಸೆಟ್ಟಿನ ಮೇಲಿನ ಕುಂಕುಮ
ವಿಡಿಯೋ ಗೇಮು ಹುಡುಗಾಟ ಎಂದು ಯಾರಾದರೂ ಅಂದರೆ ಸಾಕು, ಗೇಮುಗಳ ಚರಿತ್ರೆ ಬರೆಯುವ ನಾಗಮಂಗಲದ ಲೋಕೇಶಾಚಾರಿಗೆ ಮೈ ಉರಿದುಹೋಗುತ್ತದೆ. “ಕಲ್ಲಿನ ಶಾಸನ ಕಂಡ್ರೆ ಕೈ ಮುಗೀತೀರಿ, ಇದನ್ನ ಗುಜರಿಗೆ ಹಾಕ್ತೀರಲ್ರೋ!” ಎಂದು ಟೀ ಅಂಗಡಿಯಲ್ಲೇ ಗುಡುಗುತ್ತಾನೆ. ಸಂತೆಬಾಚಹಳ್ಳಿಯ ಗುಜರಿಯಲ್ಲೂ ಬಿಡದೆ ಆಯ್ದು ತಂದ ಹಳೇ ಗೇಮ್ ಕ್ಯಾಸೆಟ್ಟುಗಳನ್ನು ಅಪ್ಪ ಚಿನ್ನದ ಕೆಲಸ ಮಾಡುವ ಕೋಣೆಯಲ್ಲೇ ಜೋಡಿಸಿದ್ದಾನೆ. ಯಾರಾದರೂ ಒಂದನ್ನೆತ್ತಿ ಧೂಳು ಹೋಗಲೆಂದು ಬಾಯಿಂದ ಊದಿದರೆ, “ಎಂಜಲು ಬಿದ್ರೆ ಒಳಗಿನ ಪಿನ್ನು ತುಕ್ಕು ಹಿಡೀತದೆ, ಕೆಳಗೆ ಮಡಗ್ಲಾ!” ಎಂದು ರೇಗುತ್ತಾನೆ. ಲೇಬಲ್ಲಿಗೆ ಬೆರಳು ತಾಗಿದರೂ ಜಗಳವೇ. ಅಪ್ಪ ಪುಟ್ಟಾಚಾರ್ರು, “ಇದೂ ಒಂದು ಕಸುಬೇನ್ಲಾ?” ಎಂದು ಹಂಗಿಸುತ್ತಿದ್ದರು. ಈ ಸಲ ಆಯುಧಪೂಜೆಗೆ ಅವರೇ ಸುತ್ತಿಗೆ, ಇಕ್ಕಳಗಳ ಸಾಲಿನಲ್ಲಿ ಒಂದು ಕ್ಯಾಸೆಟ್ಟನ್ನೂ ಇಟ್ಟು, ಲೇಬಲ್ಲಿನ ಮೇಲೆ ಒದ್ದೆ ಕುಂಕುಮ ಒತ್ತಿಬಿಟ್ಟರು. ಲೇಬಲ್ಲು ಹಾಳಾಯಿತೆಂದು ಮೊನ್ನೆ ಲೋಕೇಶಾಚಾರಿಯ ಗೆಳೆಯನಾದ ನಾನು ಒರೆಸಲು ಹೋದೆ. “ಮುಟ್ಟಬ್ಯಾಡ ಕಣ್ಲಾ!” ಎಂದು ಅರಚಿದ, “ಅದು ನಮ್ಮಪ್ಪ ಇಟ್ಟಿರೋ ಕುಂಕುಮ!”