ನನ್ನನ್ನು ನಡೆಸಿ ನೋಡಿದ ದಿನ

"ಎಲ್ಲಿ, ಎದ್ದು ಸ್ವಲ್ಪ ಅಡ್ಡಾಡಿ ತೋರ್ಸವಾ" ಅಂದರು ಹುಡುಗನ ತಾಯಿ. ಅದೂ ನನ್ನನ್ನು ನೋಡಿ!

ಅವರು ರಾಣೆಬೆನ್ನೂರಿನಿಂದ ಬ್ಯಾಡಗಿಯ ನಮ್ಮ ಮನೆಗೆ ನೋಡಲು ಬಂದದ್ದು ನನ್ನನ್ನಲ್ಲ, ತಂಗಿ ರೇಣುಕಾಳನ್ನು.

ತೊಂಬತ್ತರ ಆಸುಪಾಸಿನ ಮಾತು ಇದು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ನನ್ನ ಬಲಗಾಲು ಸೊರಗಿದೆ. ತೊಡೆಗೆ ಕೈ ಕೊಟ್ಟೇ ನಡೆಯಬೇಕು.

ಗಂಡಿನ ಕಡೆಯವರು ಬರುವ ದಿನ ಅವ್ವ ನನ್ನನ್ನು ಪಕ್ಕದ ಮನೆಗೆ ಕಳಿಸಿಬಿಡುತ್ತಿದ್ದಳು. ಅಕ್ಕನ ಕಾಲು ಕಂಡರೆ ತಂಗಿಯ ಸಂಬಂಧ ತಪ್ಪೀತು ಅಂತ. ನಾನೂ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದೆ.

ಆದರೆ ಹಿಂದಿನ ವಾರ ಹಾವೇರಿಯಲ್ಲಿ ಹೆಣ್ಣುಮಕ್ಕಳ ಮೀಟಿಂಗಿಗೆ ಹೋಗಿ ಬಂದಿದ್ದೆ. "ಹೆಣ್ಣೇನು ಸಂತೀ ದನಾ ಏನ್ರಿ, ನಡಸಿ ನೋಡಾಕ?" ಅಂತ ಅಲ್ಲೊಬ್ಬ ಅಕ್ಕ ಕೇಳಿದ್ದರು. ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ್ದೆ.

ಈ ಸಲ ಹಟ ಹಿಡಿದೆ. "ನಾ ಎಲ್ಲೂ ಹೋಗಂಗಿಲ್ಲ" ಅಂದು, ಒಳ್ಳೆ ಸೀರೆ ಉಟ್ಟು, ಅವರು ಬರುವ ಮೊದಲೇ ಜಮಖಾನದ ಮೇಲೆ ತಂಗಿಯ ಪಕ್ಕ ಕೂತೆ. ಅವಳಿಗೆ ನಡೆ ಅಂದರೆ ಆ ಅಕ್ಕನ ಮಾತನ್ನೇ ಅವರ ಮುಖಕ್ಕೆ ಒಗೆಯಬೇಕು ಅಂತ.

ಅವ್ವ ಅಡುಗೆಮನೆಯಿಂದ ಕಣ್ಣು ಕಿಸಿದು ನೋಡುತ್ತಲೇ ಇದ್ದಳು...

ಕೂತವರ ಕಾಲು ಯಾರಿಗೆ ಕಾಣುತ್ತದೆ? ಆ ತಾಯಿ ನನ್ನನ್ನೇ ಮದುವೆ ಹೆಣ್ಣು ಅಂದುಕೊಂಡರು.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಖುಷಿ. ಖರೇ ಹೇಳುತ್ತೇನೆ, ಕಣ್ಣಲ್ಲಿ ನೀರು ಬರುವಷ್ಟು ಖುಷಿ! ಅಲ್ಲಿಯವರೆಗೆ ಯಾರೂ ನನಗೆ ಆ ಮಾತು ಅಂದಿರಲೇ ಇಲ್ಲ.

ಎದ್ದೆ. ತೊಡೆಗೆ ಕೈ ಕೊಟ್ಟು ಬಾಗಿಲವರೆಗೂ ನಡೆದೆ.

ಅವ್ವ ಅಡುಗೆಮನೆಯಿಂದ ಓಡಿ ಬಂದು, "ಈಕಿ ಅಲ್ರಿ, ಆಕಿ" ಅಂತ ರೇಣುಕಾಳನ್ನು ತೋರಿಸಿದಳು.

"ಅಯ್ಯ ಶಿವನ, ಹುಡುಗಿ ಈಕಿ ಅಲ್ಲೇನು!" ಅಂತ ಆ ತಾಯಿ ಹಗುರಾಗಿ ನಕ್ಕರು. ಜೊತೆಗೆ ಬಂದವರೂ ನಕ್ಕರು. ಆಗ ಬಂತು ನೋಡಿ ಸಿಟ್ಟು, ಮೈಯೆಲ್ಲ ಉರಿಯಿತು.

ಆಮೇಲೆ ರೇಣುಕಾಳ ಕಡೆ ತಿರುಗಿ ಅವಳಿಗೂ ನಡೆ ಅಂದರು. ಅವಳು ಕೂತಲ್ಲಿಂದ ಏಳಲಿಲ್ಲ.

"ಅಕ್ಕ ನಡದಾಳಲ್ರಿ, ಸಾಕು. ನಾ ನಡ್ಯಂಗಿಲ್ಲ."

ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಹಾವೇರಿಯ ಅಕ್ಕನಿಗೆ ಸುದ್ದಿ ಮುಟ್ಟಿ, "ಶಭಾಷ್, ಅಕ್ಕತಂಗಿ ಇಬ್ಬರೂ ಗಟ್ಟಿ ಅದೀರಿ" ಅಂದರು. ತಲೆ ಆಡಿಸಿದೆ. ಏನಂತ ಹೇಳಲಿ ಅವರಿಗೆ?

ನನಗೆ ಸಿಟ್ಟು ಬಂದದ್ದು 'ನಡೆ' ಅಂದದ್ದಕ್ಕಲ್ಲ, 'ಈಕಿ ಅಲ್ಲೇನು' ಅಂದದ್ದಕ್ಕೆ... ಹಾಗಾದರೆ ಅವತ್ತು ನಾನು ಯಾರ ಕಡೆ ಇದ್ದೆ, ನೀವಾದರೂ ಹೇಳಿ?