ಅಲಸಂದೆ ಬೀಜಕ್ಕೆ ಹತ್ತಿದ ಪುಡಿ

ಇವತ್ತಿಗೂ ನನಗೆ ಅಲಸಂದೆ ಕಾಳಿನ ಸಾರನ್ನು ನೆಮ್ಮದಿಯಾಗಿ ಉಣ್ಣಲಾಗುವುದಿಲ್ಲ. ತೊಂಬತ್ತರ ದಶಕದ ನಡುವೆ ನಾನು ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಅಲಸಂದೆ ಬೇರಿನ ಗಂಟುಗಳಲ್ಲಿ ಕೂತು, ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುವ ಬ್ಯಾಕ್ಟೀರಿಯಾ ನನ್ನ ವಿಷಯ. ಅದರಿಂದ ಒಂದೇ ಒಂದು ಜೀನ್ ಕಿತ್ತುಹಾಕಿದ್ದೆವು. ಗೊಬ್ಬರ ಮಾಡುವುದು ಅದಕ್ಕೆ ಬಿಟ್ಟುಹೋಯಿತು. ಆದರೂ ಫ್ಲಾಸ್ಕಿನಲ್ಲಿ ಮಿಕ್ಕವುಗಳ ಸಮಸಮಕ್ಕೆ ಬೆಳೆಯುತ್ತಿತ್ತು. ಹೊಲದ ಮಣ್ಣಿನಲ್ಲಿ ಎಷ್ಟು ದಿನ ಬದುಕೀತೆಂದು ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಹೊರಗೆ ಒಯ್ಯಬಾರದೆಂದು ಗುರುಗಳು ಹೇಳಿದ್ದರು. ನನಗೋ ಅತಿಬುದ್ಧಿ. ರಜೆಯಲ್ಲಿ ದೇವಲಾಪುರದ ನಮ್ಮ ಹಿತ್ತಲಲ್ಲೇ ಕುಂಡಗಳಲ್ಲಿ ಬೆಳೆಸಿ ನೋಡೋಣವೆಂದು, ಇದ್ದಿಲ ಪುಡಿಗೆ ಬೆರೆಸಿ ಒಂದು ದೊಡ್ಡ ಡಬ್ಬಿ ತುಂಬ ತಂದೆ. ಮರುದಿನ ಕುಂಡ ಕೊಳ್ಳಲು ನಾಗಮಂಗಲಕ್ಕೆ ಹೋಗಿ ಸಂಜೆ ಬಂದರೆ, ಡಬ್ಬಿ ಖಾಲಿ. ಬೀಜಕ್ಕೆ ಹಚ್ಚಲು ಕೃಷಿ ಇಲಾಖೆಯವರು ಕೊಡುವ ಪುಡಿಯೂ ಹಾಗೇ ಕಪ್ಪಗಿರುತ್ತಿತ್ತು. ಅಪ್ಪ ಇದೂ ಅದೇ ಎಂದುಕೊಂಡು ಬೆಲ್ಲದ ನೀರಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ, ಬಿತ್ತಿಯೂ ಬಂದು ಕೈಕಾಲು ತೊಳೆಯುತ್ತಿದ್ದ. ಮಗಳು ತಂದ ಪುಡಿ ಎಂಬ ಸಡಗರ ಅವನ ಮುಖದಲ್ಲಿತ್ತು. ಅದು ಬೇರೆ ಪುಡಿ ಎಂದು ಅವನಿಗೆ ಹೇಳದೆ ಖಾಲಿ ಡಬ್ಬಿ ತೊಳೆದಿಟ್ಟೆ.

ಆಮೇಲಿನ ದಿನಗಳನ್ನು ಹೆದರಿಕೊಂಡೇ ಕಳೆದೆ. ಗಂಟಿನೊಳಗೆ ಕೆಂಪಗಿದ್ದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ. ಒಂದು ತಿಂಗಳಾದ ಮೇಲೆ ಹೊಲಕ್ಕೆ ಹೋಗಿ ಗಿಡ ಕಿತ್ತು, ಉಗುರಿನಿಂದ ಗಂಟು ಸೀಳಿದೆ. ಬೆಳ್ಳಗಿತ್ತು. ಇನ್ನೊಂದು ಕಿತ್ತೆ, ಅದೂ ಬೆಳ್ಳಗೆ. ನಮ್ಮ ಬ್ಯಾಕ್ಟೀರಿಯಾ ಮನೆ ಅಳಿಯನ ಹಾಗೆ ಕೂತು ಉಣ್ಣುತ್ತಿತ್ತೇ ಹೊರತು ಕಡ್ಡಿ ಎತ್ತಿಡುತ್ತಿರಲಿಲ್ಲ. ಎಲೆಗಳು ಹಳದಿಗೆ ತಿರುಗಿದ್ದವು. ಮುಂದಿನ ವರ್ಷವೂ ಇದು ಮಣ್ಣಲ್ಲೇ ಉಳಿದುಕೊಂಡರೆ ಏನು ಗತಿ?

ಅವತ್ತೇ ಜಗಲಿಯ ಮೇಲೆ ಅಪ್ಪನ ಎದುರು ಕೂತು ಎಲ್ಲ ಹೇಳಿಬಿಟ್ಟೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅಪ್ಪ ಬೈಯಲಿಲ್ಲ.

"ಮಿಕ್ಕಿದ್ ಪುಡಿಯ ನಾಕು ಮನೆಗೆ ಅಂಚ್ಬುಟ್ಟೆ ಕಣವ್ವ," ಎಂದ. "ನನ್ ಮಗ್ಳು ಮಾಡಿರೋದು ಅಂತ ಯೋಳಿ ಕೊಟ್ಟಿವ್ನಿ."

ನಮ್ಮ ಒಂದು ಹೊಲದ ಭಯವನ್ನೇ ತಾಳಲಾರದೆ ಕೂತವಳಿಗೆ ಐದು ಹೊಲಗಳು ಕಣ್ಣ ಮುಂದೆ ಬಂದವು. ಅಪ್ಪ ಟವಲು ಹೆಗಲಿಗೆ ಹಾಕಿಕೊಂಡು ಎದ್ದ.

"ಏಳವ್ವ, ಯೋಳ್ಬುಟ್ಟು ಬರವ. ನಾನೂ ಬತ್ತೀನಿ."

ಬರಿಗಾಲಲ್ಲೇ ಅಂಗಳ ದಾಟಿ, ಚಪ್ಪಲಿ ಮರೆತದ್ದು ಗೊತ್ತಾಗಿ ತಿರುಗಿ ಬಂದ. ಅಪ್ಪ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.